ಖಾಲಿ ಅಂದುಕೊಂಡ ಜಾಗ

ಟೀ ಮಷೀನಿನ ಮುಂದೆ ನಿಂತಿದ್ದ ಎತ್ತರದ ಮನುಷ್ಯ "ಸರಿ ಮೇಡಂ" ಅಂದದ್ದೇ ತಡ, ಧೂಳಮ್ಮನ ಕೈಯಲ್ಲಿದ್ದ ಲೋಟ ತುಳುಕಿ ಅರ್ಧ ಟೀ ಚಪ್ಪಲಿಯ ಮೇಲೆ ಬಿತ್ತು.

ಅವಳು ಕೇಳಿದ್ದು ಇಷ್ಟೇ: "ಸ್ವಲ್ಪ ಪಕ್ಕಕ್ಕೆ ಬರ್ತೀರಾ, ಸಕ್ಕರೆ ತಗೋಬೇಕು." ಅದಕ್ಕೆ ಆತ ತಿರುಗಿ ಕೂಡ ನೋಡದೆ ಎರಡು ಪದ ಹೇಳಿ ಪಕ್ಕಕ್ಕೆ ಸರಿದಿದ್ದ. ಆದರೆ ಆ ಎರಡು ಪದ ಅವಳಿಗೆ ಹೊಸದಲ್ಲ. ಹದಿನಾಲ್ಕು ತಿಂಗಳಿಂದ ಫೋನಿನಲ್ಲಿ ಅದನ್ನೇ ಕೇಳಿ ಕೇಳಿ ಹೊಟ್ಟೆ ಉರಿಸಿಕೊಂಡಿದ್ದಳು.

"ನೀವು ಬೆಟ್ಟದ ಆಪರೇಟರ್ ಅಲ್ವಾ?"

ಈಗ ಆತ ತಿರುಗಿದ. ದಪ್ಪ ಹುಬ್ಬು, ಬಿಸಿಲಿಗೆ ಒಣಗಿದ ತುಟಿ, ಗಲ್ಲದಲ್ಲೊಂದು ಸಣ್ಣ ಕುಳಿ. ಧ್ವನಿ ಕೇಳಿ ಅವಳು ಕಲ್ಪಿಸಿಕೊಂಡಿದ್ದ ಮುಖಕ್ಕೂ ಇದಕ್ಕೂ ಅಜಗಜಾಂತರ. ಕಲ್ಪನೆಯ ಮುಖವೇ ಕಳಪೆಯಾಗಿತ್ತು ಅನ್ನುವುದನ್ನು ಅವಳು ಒಪ್ಪಿಕೊಳ್ಳಲು ಒಂದು ಗಳಿಗೆ ಬೇಕಾಯಿತು.

"ಹೌದು ಮೇಡಂ. ಕ್ಯಾಮೆರಾ ರಿಪೇರಿಗೆ ತಂದಿದೀನಿ. ಶುಕ್ರವಾರ ವಾಪಸ್." ಅಷ್ಟು ಹೇಳಿ, ಅವಳ ಚಪ್ಪಲಿಯತ್ತ ನೋಡಿ, ಜೇಬಿನಿಂದ ಕರವಸ್ತ್ರ ತೆಗೆದು ಮಷೀನಿನ ಮೇಲಿಟ್ಟು ಹೊರಟೇಹೋದ. ಕೊಡುವುದನ್ನು ಕೈಗೆ ಕೊಟ್ಟರೆ ಇವನ ಗಂಟೇನು ಹೋಗುತ್ತಿತ್ತು ಅಂತ ಅವಳಿಗೆ ರೇಗಿತು.

ಅವಳಿಗೆ ಧೂಳಮ್ಮ ಅನ್ನುವ ಹೆಸರು ಬಂದದ್ದು ಈ ಸಂಸ್ಥೆಯಲ್ಲೇ. ಮೇಜು ನೋಡಿದರೆ ಒಂದು ಕಸವಿಲ್ಲ, ಪೆನ್ನುಗಳು ಕೂಡ ಸಾಲಾಗಿ ಮಲಗಿರುತ್ತವೆ. ಆದರೆ ಅವಳ ವಿಷಯ ಧೂಳು. ನಕ್ಷತ್ರಗಳ ನಡುವೆ ತೇಲುವ, ದೀಪದ ಮಸಿಗಿಂತ ನುಣ್ಣಗಿನ ಧೂಳು. ಗೆಲಾಕ್ಸಿಗಳ ಫೋಟೋದಲ್ಲಿ ಕಪ್ಪು ಪಟ್ಟಿಗಳಾಗಿ ಕಾಣುವುದು ಅದೇ. ಅದು ನಕ್ಷತ್ರದ ಬೆಳಕನ್ನು ಹೀರಿ ಬೆಚ್ಚಗಾಗುತ್ತದೆ, ಹೀರಿದ್ದನ್ನು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಾಗಿ ಹೊರಗೆ ಬಿಡುತ್ತದೆ. ಆ ಕಾಣದ ಬೆಳಕನ್ನು ಹಿಡಿಯಲು ಬೆಟ್ಟದ ಮೇಲೊಂದು ದೂರದರ್ಶಕ, ಅದಕ್ಕೊಂದು ಕ್ಯಾಮೆರಾ, ಕ್ಯಾಮೆರಾಕ್ಕೊಬ್ಬ ಆಪರೇಟರ್. ಅವನು ಅಲ್ಲಿ ಹಿಡಿದು ಕಳಿಸಿದ್ದನ್ನು ಇವಳು ಇಲ್ಲಿ ಕೂತು ಸೋಸುತ್ತಾಳೆ. ಎರಡು ವರ್ಷದಿಂದ ಇದೇ ನಡೆದಿದೆ, ಮುಖ ನೋಡಿದ್ದು ಮಾತ್ರ ಇವತ್ತೇ.

ಮೊದಲೆಲ್ಲ ಅವನು ಹೀಗಿರಲಿಲ್ಲ. ದಿನಾ ಕೆಲಸ ಶುರುವಾಗುವ ಮುನ್ನ ಸಂಜೆ ಐದು ನಿಮಿಷದ ಫೋನು. ಐದು ಅನ್ನುವುದು ನಲವತ್ತಾಗುತ್ತಿತ್ತು.

"ಈ ಧೂಳಲ್ಲಿ ಅಂಥದ್ದೇನಿದೆ ಮೇಡಂ?" ಅಂತ ಕೇಳಿದ್ದ ಒಮ್ಮೆ.

"ಇಸ್ತ್ರಿಪೆಟ್ಟಿಗೆ ಆಫ್ ಮಾಡಿದ ಮೇಲೆ ಹತ್ತಿರ ಕೈ ಹಿಡೀರಿ. ಕಣ್ಣಿಗೆ ಏನೂ ಕಾಣಲ್ಲ, ಕೈಗೆ ಗೊತ್ತಾಗತ್ತೆ. ಧೂಳೂ ಹಾಗೇ."

"ಹಾಗಾದ್ರೆ ನನ್ನ ಕ್ಯಾಮೆರಾನೇ ಆ ಕೈ."

"ಪರವಾಗಿಲ್ವೇ, ಜಾಣರು!"

"ಸುಮ್ನೆ ಹೊಗಳಬೇಡಿ, ಆಮೇಲೆ ಸಂಬಳ ಜಾಸ್ತಿ ಕೇಳ್ತೀನಿ."

ಇನ್ನೊಂದು ಸಂಜೆ ಅವಳು ಅತಿ ಸಣ್ಣ ಕಣಗಳ ಕಥೆ ಹೇಳಿದ್ದಳು. ದೊಡ್ಡ ಕಣಗಳ ಮೇಲೆ ಬೆಳಕು ಬೀಳುತ್ತಲೇ ಇರುತ್ತದೆ, ಬಿಸಿಯೂ ಒಂದೇ ಸಮ. ಸಣ್ಣವು ಹಾಗಲ್ಲ. ಒಂದೇ ಒಂದು ಹನಿ ಬೆಳಕು ತಾಗಿದರೂ ಗಕ್ಕನೆ ಕೆಂಡದಷ್ಟು ಬಿಸಿಯಾಗಿ, ಆ ಬಿಸಿಯನ್ನೆಲ್ಲ ಚೆಲ್ಲಿ, ತಣ್ಣಗಾಗಿ, ಮುಂದಿನ ಹನಿಗೆ ಎಷ್ಟೋ ಹೊತ್ತು ಕಾಯುತ್ತವೆ. "ಪಾಪ," ಅಂದಿದ್ದ ಅವನು, "ಬೆಚ್ಚಿಬೀಳೋದೇ ಅವುಗಳ ಕೆಲಸ." ಅವಳು ನಕ್ಕು ನಕ್ಕು ಸುಸ್ತಾಗಿದ್ದಳು.

ಆಮೇಲೊಂದು ದಿನ, ಕಾರಣವಿಲ್ಲ ಏನಿಲ್ಲ, ಬಾಗಿಲು ಹಾಕಿದ ಹಾಗೆ ಎಲ್ಲ ನಿಂತುಹೋಯಿತು. ಕೇಳಿದ್ದಕ್ಕೆಲ್ಲ "ಸರಿ ಮೇಡಂ", ಫೋನು ಎರಡೇ ನಿಮಿಷ. ತಾನೇನು ತಪ್ಪು ಮಾಡಿದೆ ಅಂತ ಅವಳು ತಲೆ ಕೆಡಿಸಿಕೊಂಡಳು, ಆಮೇಲೆ ಕೋಪ ಮಾಡಿಕೊಂಡಳು, ಕೊನೆಗೆ ಕೆಲಸದಲ್ಲಿ ಮುಳುಗಿದಳು. ಕೆಲಸ ಅವಳನ್ನು ಕೈಬಿಡಲಿಲ್ಲ. ಶುಕ್ರವಾರ ಸಂಸ್ಥೆಯ ದೊಡ್ಡ ಹಾಲಿನಲ್ಲಿ, ಹೊರಗಿನಿಂದ ಬಂದ ಅತಿರಥ ಮಹಾರಥರ ಮುಂದೆ, ಅವಳು ತನ್ನ ಗೆಲಾಕ್ಸಿಯ ಬಗ್ಗೆ ಹೇಳಬೇಕಿತ್ತು. ಅದು ವಿಚಿತ್ರ ಗೆಲಾಕ್ಸಿ. ಮೈತುಂಬ ಧೂಳಿದೆ, ಧೂಳು ಬೆಳಕನ್ನು ಹೀರುತ್ತಿದೆ, ಆದರೆ ಬಿಸಿ ಹೊರಗೆ ಬರುತ್ತಿಲ್ಲ. ಒಲೆಯ ಮೇಲಿಟ್ಟ ಪಾತ್ರೆ ತಣ್ಣಗೇ ಇದೆ ಅಂದ ಹಾಗೆ. ಯಾರೂ ಇಂಥದ್ದನ್ನು ಕಂಡಿರಲಿಲ್ಲ. ಸಂಸ್ಥೆಯ ಮುಖ್ಯಸ್ಥರು, ಎಲ್ಲರ ಬಾಯಲ್ಲಿ 'ದೊಡ್ಡವರು', ಅವಳಿಗೆ ಮಾತು ಕೊಟ್ಟಿದ್ದರು: ಈ ಫಲಿತಾಂಶ ಗಟ್ಟಿಯಾಗಿ ನಿಂತರೆ ಅವಳ ಕೆಲಸವೂ ಕಾಯಂ.

ಬುಧವಾರ ಬೆಳಗ್ಗೆ ಅದರ ರಿಹರ್ಸಲ್. ಸಣ್ಣ ಕೋಣೆ, ಹತ್ತು ಹನ್ನೆರಡು ಜನ. ಅವಳು ವಿಧಾನ ವಿವರಿಸಿದಳು. ಇನ್‌ಫ್ರಾರೆಡ್‌ನಲ್ಲಿ ನೋಡುವವರಿಗೆ ಇರುವ ಕಷ್ಟ ಬೇರೆಯವರಿಗಿಲ್ಲ: ಆಕಾಶವೂ ಬಿಸಿ, ದೂರದರ್ಶಕವೂ ಬಿಸಿ, ಎಲ್ಲವೂ ಹೊಳೆಯುತ್ತಿರುತ್ತದೆ. ಉರಿಯುವ ಒಲೆಯೊಳಗೆ ಕೂತು ಪಕ್ಕದ ಮನೆಯ ಒಲೆ ಹಚ್ಚಿದ್ದಾರೋ ಇಲ್ಲವೋ ನೋಡಿದ ಹಾಗೆ. ಅದಕ್ಕೇ ಕ್ಯಾಮೆರಾವನ್ನು ಒಮ್ಮೆ ಗೆಲಾಕ್ಸಿಯತ್ತ, ಒಮ್ಮೆ ಪಕ್ಕದ ಖಾಲಿ ಆಕಾಶದತ್ತ ತಿರುಗಿಸುತ್ತಾರೆ. ಮೊದಲಿನದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದೇ ಗೆಲಾಕ್ಸಿಯ ಬಿಸಿ. "ನನ್ನ ಗೆಲಾಕ್ಸಿಯಲ್ಲಿ ಕಳೆದ ಮೇಲೆ ಉಳಿದಿದ್ದು ಹೆಚ್ಚುಕಮ್ಮಿ ಸೊನ್ನೆ," ಅಂತ ಮುಗಿಸಿದಳು. ದೊಡ್ಡವರು ಖುಷಿಯಿಂದ ಮೇಜು ಕುಟ್ಟಿದರು.

"ಪ್ರಶ್ನೆ ಇದ್ರೆ ಕೇಳಿ."

ಹಿಂದಿನ ಕುರ್ಚಿಯಿಂದ ಆಪರೇಟರ್ ಎದ್ದ. "ಪ್ರಶ್ನೆ ಅಲ್ಲ ಸಾರ್. ಮೇಡಂ ತೋರಿಸಿದ ಆ ಖಾಲಿ ಜಾಗ ಖಾಲಿ ಇಲ್ಲ. ನಾನು ಆವಾಗಲೇ ಬರೆದಿದ್ದೆ. ಅದನ್ನ ಯಾಕೆ ಸೇರಿಸಿಲ್ಲ ಅಂತ ಗೊತ್ತಾಗ್ಲಿಲ್ಲ."

ಧೂಳಮ್ಮನಿಗೆ ಕಿವಿಯವರೆಗೂ ರಕ್ತ ಏರಿತು.

"ಎಲ್ಲಿ ಬರೆದಿದ್ರಿ?"

"ಫೈಲಲ್ಲಿ."

"ಯಾವ ಫೈಲಲ್ಲಿ?"

"ನಾನು ಕಳಿಸೋ ಫೈಲಲ್ಲೇ ಮೇಡಂ. ಮೇಲ್ಗಡೆ. ಟಿಪ್ಪಣಿ ಸಾಲಲ್ಲಿ." ಅವನ ಮುಖದಲ್ಲೂ ಆಶ್ಚರ್ಯವಿತ್ತು, ಜೊತೆಗೆ ಅವಳಿಗೆ ಅರ್ಥವಾಗದ ಒಂದು ನೋವು. "ನೀವು ಓದ್ತೀರಲ್ಲ."

ಅವಳು ಲ್ಯಾಪ್‌ಟಾಪ್ ಮಡಚಿಕೊಂಡು ತನ್ನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು.

ಟಿಪ್ಪಣಿ ಸಾಲು! ಅವಳು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಒಂದು ಪ್ರೋಗ್ರಾಂ ಬರೆದಿದ್ದಳು. ಬೆಟ್ಟದಿಂದ ಫೈಲು ಬಂದ ಕೂಡಲೇ ಅದು ಮಾಡುವ ಮೊದಲ ಕೆಲಸವೇ ಟಿಪ್ಪಣಿ ಸಾಲುಗಳನ್ನೆಲ್ಲ ಅಳಿಸುವುದು; ಯಾರೋ ಏನೋ ಗೀಚಿ ಲೆಕ್ಕ ಕೆಡಿಸಬಾರದಲ್ಲ. ಅಳಿಸಿ ಸ್ವಚ್ಛವಾದ ಫೈಲನ್ನಷ್ಟೇ ಅವಳು ನೋಡಿದ್ದಳು. ಮೂಲ ಫೈಲುಗಳು ಸರ್ವರಿನ ಮೂಲೆಯಲ್ಲಿ ಹಾಗೇ ಬಿದ್ದಿದ್ದವು. ಎರಡು ವರ್ಷದಲ್ಲಿ ಅವುಗಳಲ್ಲಿ ಒಂದನ್ನೂ ಅವಳು ತೆರೆದಿರಲಿಲ್ಲ.

ಮೊದಲನೆಯದನ್ನು ತೆರೆದಳು.

*ಗಾಳಿ ಜಾಸ್ತಿ. ಅರ್ಧ ಗಂಟೆ ತಡವಾಗಿ ಶುರು ಮಾಡಿದೆ. ಫೈಲಿನ ಹೆಸರಲ್ಲಿ ತಾರೀಖು ಮೊದಲು ಬರಲಾ, ಕೊನೇಲಿ ಬರಲಾ?*

ಎರಡನೆಯದು: *ತಾರೀಖು ಮೊದಲು ಅಂತ ಮೇಲ್ ಮಾಡಿದ್ದಕ್ಕೆ ಥ್ಯಾಂಕ್ಸ್. ಅಂದ್ರೆ ಇದನ್ನ ಓದ್ತೀರಿ! ಒಂಬತ್ತು ವರ್ಷದಲ್ಲಿ ನಾನು ಬರೆದಿದ್ದನ್ನ ಓದಿದೋರು ನೀವೇ ಮೊದಲು.*

ಧೂಳಮ್ಮ ಬೆಪ್ಪಾಗಿ ಕೂತಳು. ತಾರೀಖಿನ ಮೇಲ್ ಅವಳು ತನ್ನ ಪಾಡಿಗೆ ತಾನು, ತನ್ನ ಅಚ್ಚುಕಟ್ಟಿನ ಹುಚ್ಚಿಗೆ ಕಳಿಸಿದ್ದು. ಅವನ ಪ್ರಶ್ನೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಓದುತ್ತಾ ಹೋದಳು. *ಇವತ್ತು ಫೋನಲ್ಲಿ ಕೆಮ್ತಿದ್ರಿ. ಬಿಸಿನೀರು ಕುಡೀರಿ.* ಮತ್ತೊಂದು: *ಮೋಡ. ಏನೂ ಸಿಗಲಿಲ್ಲ. ಈ ಫೈಲ್ ನಿಮಗೆ ಯಾವ ಉಪಯೋಗಕ್ಕೂ ಬರಲ್ಲ, ಆದ್ರೂ ಕಳಿಸ್ತಿದೀನಿ, ನಾಲ್ಕು ಮಾತು ಬರೆಯೋಕೆ ಜಾಗ ಸಿಗತ್ತಲ್ಲ ಅಂತ.* ಇನ್ನೊಂದರಲ್ಲಿ ಹಿಂದಿನ ಸಂಜೆ ಅವಳು ಹೇಳಿದ ಕಥೆ: *ಸಣ್ಣ ಕಣಗಳು ಬೆಚ್ಚಿದ್ದಕ್ಕೇ ಬೆಚ್ಚಗಾಗ್ತವಲ್ಲ. ನೀವು ನಕ್ಕಾಗ ನನ್ನ ಕಥೆಯೂ ಅದೇ. ಹೀಗೆಲ್ಲ ಬರೆದಿದ್ದು ಬೇಜಾರಾದ್ರೆ ಒಂದು ಮಾತು ಹೇಳಿ, ಅವತ್ತೇ ನಿಲ್ಲಿಸ್ತೀನಿ.*

ಅವಳು ಬೇಡ ಅಂದಿರಲಿಲ್ಲ. ಹೇಗೆ ಅಂದಾಳು?

ಹದಿನಾಲ್ಕು ತಿಂಗಳ ಹಿಂದಿನ ಫೈಲು 'ತಿರಸ್ಕೃತ' ಅನ್ನುವ ಫೋಲ್ಡರಿನಲ್ಲಿತ್ತು. ಅವಳ ಪ್ರೋಗ್ರಾಂ ಅದನ್ನು ಒಪ್ಪಿರಲಿಲ್ಲ. ಖಾಲಿ ಆಕಾಶದ ಜಾಗ ಬೇರೆಯದು ಅಂತ ತಳ್ಳಿಹಾಕಿತ್ತು. ತೆರೆದಳು.

*ಮೇಡಂ, ಖಾಲಿ ಜಾಗದತ್ತ ತಿರುಗಿಸಿದಾಗ ಮೀಟರ್ ಇಳೀಬೇಕು. ಇಳೀತಿಲ್ಲ. ಅಲ್ಲೂ ಬಿಸಿ ಇದೆ. ಫೋಟೋದಲ್ಲಿ ಕಪ್ಪಗಿದೆ ಅಂತ ಖಾಲಿ ಅಂದುಕೊಂಡಿದೀವೇನೋ. ಇವತ್ತು ಮಾತ್ರ ಜಾಗ ಬದಲಾಯಿಸಿ ತುಂಬಾ ದೂರದ ಆಕಾಶ ಹಿಡಿದಿದೀನಿ. ಹೋಲಿಸಿ ನೋಡಿ.*

ನಿಂತ ನೆಲವೇ ಕುಸಿದ ಹಾಗಾಯಿತು ಅವಳಿಗೆ. ಫೋಟೋದಲ್ಲಿ ಕಪ್ಪಗಿತ್ತು, ನಿಜ. ಕಪ್ಪಗಿದ್ದದ್ದು ಅಲ್ಲಿ ಏನೂ ಇಲ್ಲದ್ದರಿಂದ ಅಲ್ಲ, ಧೂಳು ಕವಿದು ಹಿಂದಿನ ನಕ್ಷತ್ರಗಳನ್ನು ಮುಚ್ಚಿದ್ದರಿಂದ. ಆ ಜಾಗವೂ ಅದೇ ಗೆಲಾಕ್ಸಿಯ ಹೊರತೋಳು. ಗೆಲಾಕ್ಸಿಯಲ್ಲಿ ಗೆಲಾಕ್ಸಿಯನ್ನೇ ಕಳೆದು, ಸೊನ್ನೆ ಬಂತು ಅಂತ ಎರಡು ವರ್ಷ ಕುಣಿದಾಡಿದ್ದಾಳೆ! ಬೇರೆ ಯಾರಾದರೂ ಮಾಡಿದ್ದರೆ ಕ್ಷಮಿಸಬಹುದಿತ್ತು. ಧೂಳಮ್ಮನಿಗೇ ಧೂಳು ಕಾಣಲಿಲ್ಲ.

ಅದರ ಕೆಳಗೆ ಇನ್ನೂ ನಾಲ್ಕು ಸಾಲಿದ್ದವು.

*ಇನ್ನೊಂದು ಮಾತು. ಫೋನಲ್ಲಿ ಹೇಳೋಕೆ ಬಾಯಿ ಬರಲ್ಲ. ನೀವು ಒಪ್ಪಿದ್ರೆ ನಿಮ್ಮನ್ನ ಮದುವೆ ಆಗಬೇಕು ಅಂತ ಆಸೆ. ಒಪ್ಪದಿದ್ರೂ ಕೆಲಸ ಹೀಗೇ ನಡೆಯತ್ತೆ, ಏನೂ ಯೋಚಿಸಬೇಡಿ. ಒಂದೇ ಒಂದು ಸಾಲು ಬರೀರಿ.*

ಅವಳು ಆ ಸಾಲುಗಳನ್ನು ಮೂರು ಸಲ ಓದಿದಳು. ಅದಾದ ಮೇಲಿನ ಫೈಲುಗಳನ್ನು ಒಂದೊಂದಾಗಿ ತೆರೆದಳು. ಎಲ್ಲದರಲ್ಲೂ ಟಿಪ್ಪಣಿ ಒಂದೇ: *ಸರಿ ಮೇಡಂ. ಸರಿ ಮೇಡಂ. ಸರಿ ಮೇಡಂ.*

ಮಧ್ಯಾಹ್ನ ಅವಳು ಫೋನು ಮಾಡಿದ್ದು ಅಕ್ಕನಿಗೆ. ಇಬ್ಬರೂ ಒಂದೇ ಮನೆಯಲ್ಲಿರುವವರು. ಅಕ್ಕ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ.

"ಎರಡು ವರ್ಷ ಕಣ್ಣಿಗೆ ಬೀಳದ ಪತ್ರಾನಾ? ನಾಳೆ ಅಂಗಡಿಗೆ ಬಾ, ನಂಬರ್ ಚೆಕ್ ಮಾಡ್ತೀನಿ."

"ಅಕ್ಕಾ, ತಮಾಷೆ ಮಾಡಬೇಡ. ಕೈಕಾಲೇ ಆಡ್ತಿಲ್ಲ ನನಗೆ."

"ಸರಿ, ಮಾಡಲ್ಲ. ಯಾವುದಕ್ಕೆ ಆಡ್ತಿಲ್ಲ ಹೇಳು. ಗೆಲಾಕ್ಸಿ ಹೋಯ್ತು ಅಂತಾನೋ, ಇವನು ಹೋದ ಅಂತಾನೋ?"

ಅವಳು ಮೇಜಿನ ಮೇಲಿನ ಪೆನ್ನುಗಳನ್ನು ಇನ್ನೊಮ್ಮೆ ಸಾಲು ಮಾಡಿದಳು.

"ನಾನೇ ಹೇಳ್ತೀನಿ ಕೇಳು," ಅಂದಳು ಅಕ್ಕ. "ಅವನು ಫೋನಲ್ಲಿ ಹರಟೋದು ನಿಲ್ಲಿಸಿದ ತಿಂಗಳು ನೀನು ಮನೆ ಪರದೆಗಳನ್ನ ಮೂರು ಸಲ ಒಗೆದೆ. ಅಷ್ಟು ಒಗೆಯೋ ಕೊಳೆ ಅದರಲ್ಲಿ ಇರಲಿಲ್ಲ ಕಣೇ."

ಗುರುವಾರ ಬೆಳಗ್ಗೆ ಅವಳು ನೆಲಮಾಳಿಗೆಯ ವರ್ಕ್‌ಶಾಪಿಗೆ ಇಳಿದಳು. ಕ್ಯಾಮೆರಾ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಅವನು ತಲೆಗೆ ಬಿಳಿ ಟೋಪಿ, ಕೈಗೆ ತೆಳು ಗ್ಲೌಸ್ ಹಾಕಿಕೊಂಡು, ಒಂದು ಸ್ಕ್ರೂವನ್ನು ಮಗುವಿನ ಹಾಲುಹಲ್ಲಿನ ಹಾಗೆ ಎರಡು ಬೆರಳಲ್ಲಿ ಹಿಡಿದಿದ್ದ. ಅವಳನ್ನು ಕಂಡು ಅವನ ದೃಷ್ಟಿ ಒಂದು ಕ್ಷಣ ಅವಳ ಮುಖದ ಮೇಲೆ ನಿಂತಿತು, ಕೂಡಲೇ ಸ್ಕ್ರೂವಿಗೆ ಮರಳಿತು.

"ನಾನು ಓದಿರಲಿಲ್ಲ," ಅಂದಳು. "ಒಂದು ಸಾಲೂ ಓದಿರಲಿಲ್ಲ. ನನ್ನ ಪ್ರೋಗ್ರಾಂ ಅಳಿಸ್ತಿತ್ತು. ನಿನ್ನೆ ಓದಿದೆ."

ಸ್ಕ್ರೂ ಟಣ್ ಅಂತ ತಟ್ಟೆಗೆ ಬಿತ್ತು.

"ಇದು ತಮಾಷೇನಾ ಮೇಡಂ?"

"ನನ್ನ ಮುಖ ನೋಡಿದ್ರೆ ತಮಾಷೆ ಮಾಡೋ ಹಾಗಿದೆಯಾ?"

ಅವನು ನೋಡಿದ. ರಾತ್ರಿಯಿಡೀ ನಿದ್ದೆಯಿಲ್ಲದ ಕಣ್ಣು, ಎಂದೂ ಓರೆಯಾಗದ ಬೈತಲೆ ಇವತ್ತು ಓರೆ. ಆದರೂ ತಲೆ ಅಲ್ಲಾಡಿಸಿದ. "ಓದದೇ ಇದ್ದೋರು ಉತ್ತರ ಹೇಗೆ ಬರೆದ್ರಿ?"

"ಯಾವ ಉತ್ತರ?"

ಅವನು ಗ್ಲೌಸ್ ಕಳಚಿ, ಫೋನು ತೆಗೆದು, ಹುಡುಕದೆಯೇ ಒಂದು ಮೇಲ್ ತೆರೆದು ಅವಳ ಮುಂದೆ ಹಿಡಿದ. ಹದಿನಾಲ್ಕು ತಿಂಗಳ ಹಿಂದಿನದು. ಅವಳದೇ ಹೆಸರು, ಅವಳದೇ ಮಾತು.

*ನಿನ್ನೆ ನೀವು ಮಾಡಿದ್ದು ಸರಿಯಲ್ಲ. ನಾನು ಹೇಳಿದಷ್ಟು ಬಿಟ್ಟು ಅತ್ತಿತ್ತ ಹೋಗಬೇಡಿ. ನಿಮ್ಮ ಕೆಲಸ ಏನೋ ಅದನ್ನು ಮಾತ್ರ ಮಾಡಿ. ಇಂಥದ್ದು ಇನ್ನೊಮ್ಮೆ ಆದರೆ ಮೇಲಿನವರಿಗೆ ತಿಳಿಸಬೇಕಾಗುತ್ತದೆ.*

ಧೂಳಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳು ಬೈದದ್ದು ಆಕಾಶದ ಜಾಗ ಬದಲಾಯಿಸಿದ್ದಕ್ಕೆ. ಫೈಲು ತಿರಸ್ಕೃತವಾಯಿತು ಅನ್ನುವ ಸಿಟ್ಟಿಗೆ ಎರಡು ನಿಮಿಷದಲ್ಲಿ ಗೀಚಿ ಕಳಿಸಿ, ಕಾಫಿ ಕುಡಿಯಲು ಹೋಗಿದ್ದಳು. ಅದೇ ಫೈಲಿನಲ್ಲಿ ಮನಸ್ಸು ಬಿಚ್ಚಿಟ್ಟವನು ಅದನ್ನು ಹೇಗೆ ಓದಿರಬೇಕು? ಈಗ ಅವನ ಕಣ್ಣಿಂದ ಓದಿದಳು, ಪ್ರತಿ ಪದವೂ ಕಪಾಳಕ್ಕೆ ಹೊಡೆದಂತಿತ್ತು.

"ಅಯ್ಯೋ, ಇದು... ಇದು ಜಾಗ ಬದಲಾಯಿಸಿದ್ದಕ್ಕೆ ಬರೆದಿದ್ದು."

"ಹಾಗಂತೀರಾ?"

"ಆಣೆ ಮಾಡಿ ಹೇಳ್ತೀನಿ."

ಅವನು ಬಗ್ಗಿ ತಟ್ಟೆಯಿಂದ ಸ್ಕ್ರೂ ಎತ್ತಿಕೊಂಡ. "ಇರಬಹುದು ಮೇಡಂ. ಆದ್ರೆ ಹದಿನಾಲ್ಕು ತಿಂಗಳು ನಾನು ಇದನ್ನೇ ಉತ್ತರ ಅಂತ ನುಂಗಿಕೊಂಡಿದೀನಿ. ಈಗ ನೀವು ಬೇರೆ ಏನೇ ಹೇಳಿದ್ರೂ, ಪಾಪ ಅಂತ ಹೇಳ್ತಿದೀರೋ ಏನೋ ಅನ್ಸತ್ತೆ. ಬಿಡಿ. ನಾಳೆ ನಾಲ್ಕಕ್ಕೆ ನನ್ನ ವ್ಯಾನು."

ಅವಳು ಮೇಲೆ ಬರುವಷ್ಟರಲ್ಲಿ ದೊಡ್ಡವರು ಕಾಯುತ್ತಿದ್ದರು.

"ನೋಡಮ್ಮ, ಅವನು ಹೇಳಿದ್ದು ನಿಜ ಇರಬಹುದು, ಸುಳ್ಳೂ ಇರಬಹುದು. ನಾಳೆಗೆ ಇಷ್ಟು ಜನರನ್ನ ಕರೆದಿದೀನಿ. ಕೊನೇಲಿ 'ಇನ್ನೂ ಪರಿಶೀಲನೆ ನಡೀತಿದೆ' ಅಂತ ಒಂದು ಸಾಲು ಹಾಕಿಬಿಡು. ಕೆಲಸ ಕಾಯಂ ಆಗ್ಲಿ, ಆಮೇಲೆ ನಿಧಾನಕ್ಕೆ ನೋಡೋಣ."

"ಆ ಒಂದು ಫೈಲನ್ನ ಇವತ್ತು ಹಾಕಿ ನೋಡ್ತೀನಿ ಸಾರ್. ಗೆಲಾಕ್ಸಿ ಹೊಳೆದರೆ ಹೇಳಲೇಬೇಕಾಗತ್ತೆ."

"ಹೇಳಿದ್ರೆ ನಿನ್ನ ಬುಡಕ್ಕೇ ಬರತ್ತೆ, ಯೋಚನೆ ಮಾಡು."

ಯೋಚನೆ ಮಾಡಿದಳು. ತಿರಸ್ಕೃತ ಫೈಲಿಗೆ ಲೆಕ್ಕ ಹಾಕಿದಳು, ಸಂಜೆ ಐದರ ಹೊತ್ತಿಗೆ ಪರದೆಯ ಮೇಲೆ ಚಿತ್ರ ಬಂತು. ಅವಳ ತಣ್ಣನೆಯ ಗೆಲಾಕ್ಸಿ ಉರಿಯುತ್ತಿತ್ತು. ಫೋಟೋದಲ್ಲಿ ಕಪ್ಪಾಗಿದ್ದ ಪಟ್ಟಿಗಳೆಲ್ಲ ಇಲ್ಲಿ ಎದ್ದು ಹೊಳೆಯುತ್ತಿದ್ದವು, ಅವಳು ಖಾಲಿ ಅಂದುಕೊಂಡಿದ್ದ ಜಾಗದ ಅಡ್ಡಕ್ಕೆ ಒಂದು ಇಡೀ ತೋಳು ಚಾಚಿಕೊಂಡಿತ್ತು. ಅಷ್ಟು ಚಂದದ ಚಿತ್ರ ಅವಳು ಕಂಡಿರಲಿಲ್ಲ. ತನ್ನ ಸೋಲಿನ ಚಿತ್ರವನ್ನೇ ಅವಳು ಕಣ್ಣು ತುಂಬಿಕೊಂಡು ನೋಡುತ್ತಾ ಕೂತಳು.

ಶುಕ್ರವಾರ ಹಾಲು ಕಿಕ್ಕಿರಿದಿತ್ತು. ಅಕ್ಕ ಅಂಗಡಿಗೆ ರಜೆ ಹಾಕಿ ಬಂದು ಬಾಗಿಲ ಪಕ್ಕ ಕೂತಿದ್ದಳು. ಆಪರೇಟರ್ ಕೊನೆಯ ಸಾಲಿನಲ್ಲಿ, ಬ್ಯಾಗು ಕಾಲ ಬಳಿ ಇಟ್ಟುಕೊಂಡು.

ಧೂಳಮ್ಮ ಮೈಕ್ ಹತ್ತಿರ ಬಂದು ಕಾಗದ ಮಡಚಿಟ್ಟಳು. "ನಾನು ಇವತ್ತು ಹೇಳಬೇಕಿದ್ದ ಫಲಿತಾಂಶ ತಪ್ಪು," ಅಂದಳು.

ಮುಂದಿನ ಸಾಲಿನಲ್ಲಿ ದೊಡ್ಡವರು ಹಣೆ ಹಿಡಿದುಕೊಂಡರು. ಅವಳು ತಡವರಿಸದೆ ಎಲ್ಲ ಹೇಳಿದಳು: ಖಾಲಿ ಅಂದುಕೊಂಡದ್ದು, ಕಳೆದದ್ದು, ಸೊನ್ನೆ ಬಂದದ್ದು. ಆಮೇಲೆ ಹೊಸ ಚಿತ್ರ ಹಾಕಿದಳು. ಹಾಲಿನುದ್ದಕ್ಕೂ ಉಸಿರು ಎಳೆದುಕೊಂಡ ಸದ್ದಾಯಿತು. ಕೊನೆಯ ಸಾಲಿನಲ್ಲಿ ಆಪರೇಟರ್ ತನಗೆ ಗೊತ್ತಿಲ್ಲದೆಯೇ ಎದ್ದು ನಿಂತಿದ್ದ. ಹನ್ನೊಂದು ವರ್ಷ ಆಕಾಶಕ್ಕೆ ಕ್ಯಾಮೆರಾ ಹಿಡಿದವನು, ಹಿಡಿದದ್ದರ ಪೂರ್ತಿ ರೂಪವನ್ನು ಅವನು ನೋಡಿದ್ದು ಇದೇ ಮೊದಲು.

"ತಪ್ಪು ನಿಮಗೆ ಯಾವಾಗ ಗೊತ್ತಾಯ್ತು?" ಮುಂದಿನ ಸಾಲಿನ ನರೆಗೂದಲಿನ ಪ್ರೊಫೆಸರಮ್ಮ ಕೇಳಿದರು.

"ಬುಧವಾರ. ಆದ್ರೆ ನಮ್ಮ ಆಪರೇಟರಿಗೆ ಹದಿನಾಲ್ಕು ತಿಂಗಳ ಹಿಂದೇನೇ ಗೊತ್ತಿತ್ತು. ಬರೆದೂ ಇದ್ರು. ನಾನು ಓದಲಿಲ್ಲ."

"ಬರೆದಿದ್ರಾ? ತೋರಿಸಿ, ನೋಡೋಣ."

ಅವಳು ಫೈಲು ತೆರೆದಳು. ಲ್ಯಾಪ್‌ಟಾಪಿನಲ್ಲಿ ಮೇಲಿನ ನಾಲ್ಕು ಸಾಲಷ್ಟೇ ಕಾಣುವ ಹಾಗೆ ಕಿಟಕಿಯನ್ನು ಬೆಳಗ್ಗೆಯೇ ಚಿಕ್ಕದು ಮಾಡಿ ಇಟ್ಟಿದ್ದಳು. "ಇಲ್ಲಿ ನೋಡಿ. ಮೀಟರ್ ಇಳೀತಿಲ್ಲ, ಅಲ್ಲೂ ಬಿಸಿ ಇದೆ ಅಂತ ಸ್ಪಷ್ಟವಾಗಿ..."

ಯಾರೋ ಕೆಮ್ಮಿದರು. ಇನ್ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಅಕ್ಕ ಬಾಗಿಲ ಬಳಿಯಿಂದ ಎರಡೂ ಕೈಯಲ್ಲಿ ಏನೋ ಸನ್ನೆ ಮಾಡುತ್ತಿದ್ದಳು. ಧೂಳಮ್ಮ ತಿರುಗಿ ಗೋಡೆಯತ್ತ ನೋಡಿದಳು. ಹಾಲಿನ ಪರದೆ ಅವಳ ಲ್ಯಾಪ್‌ಟಾಪಿಗಿಂತ ದೊಡ್ಡದು. ಅದು ಕಿಟಕಿಯನ್ನು ಪೂರ್ತಿ ಹಿಗ್ಗಿಸಿ ತೋರಿಸಿತ್ತು. *ನಿಮ್ಮನ್ನ ಮದುವೆ ಆಗಬೇಕು ಅಂತ ಆಸೆ* ಅನ್ನುವ ಸಾಲು ಒಂದೊಂದು ಅಕ್ಷರವೂ ಅಂಗೈಯಗಲ ಹೊಳೆಯುತ್ತಿತ್ತು.

ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಕೊನೆಯ ಸಾಲಿನಲ್ಲಿ ಅವನು ಮುಂದಿನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ, ಮುಖದಲ್ಲಿ ರಕ್ತವಿರಲಿಲ್ಲ. ಅವಳ ಕೈ ಹೇಗೋ ಗುಂಡಿ ಒತ್ತಿತು, ಪರದೆ ಕಪ್ಪಾಯಿತು.

"ಕೆಳಗಿನ ಸಾಲುಗಳು ಖಾಸಗಿ," ಅಂದಳು. "ತೋರಿಸಿದ್ದು ನನ್ನ ತಪ್ಪು. ನಿಮ್ಮೆಲ್ಲರ ಮುಂದೆ ಅವರ ಕ್ಷಮೆ ಕೇಳ್ತೀನಿ."

ಪ್ರೊಫೆಸರಮ್ಮ ಕನ್ನಡಕ ತೆಗೆದು ಒರೆಸಿದರು. "ಕೇಳಬಾರದು ನಾನು, ಆದ್ರೆ ಕೇಳ್ತೀನಿ. ಅದಕ್ಕೆ ಉತ್ತರ ಕೊಟ್ರಾ?"

ಸಭೆ ನಕ್ಕಿತು. ಅವಳು ನಗಲಿಲ್ಲ. ಅವನನ್ನೇ ನೋಡುತ್ತಾ ಹೇಳಿದಳು.

"ಕೊಟ್ಟಿದೀನಿ, ಬೇಡ ಅಂದಿದೀನಿ ಅಂತ ಅವರು ತಿಳ್ಕೊಂಡಿದಾರೆ. ಅದೂ ತಪ್ಪು ಫಲಿತಾಂಶ. ಇವತ್ತು ಎರಡನ್ನೂ ಹಿಂದಕ್ಕೆ ತಗೋತಿದೀನಿ."

ಚಪ್ಪಾಳೆ ಮೊದಲು ಹೊಡೆದದ್ದು ಅಕ್ಕ. ಚಪ್ಪಾಳೆ ಮುಗಿಯುವ ಹೊತ್ತಿಗೆ ಕೊನೆಯ ಸಾಲಿನ ಕುರ್ಚಿ ಬರಿದಾಗಿತ್ತು, ಬ್ಯಾಗೂ ಇರಲಿಲ್ಲ.

ದೊಡ್ಡವರು ಅವಳನ್ನು ಮೆಟ್ಟಿಲ ಹತ್ತಿರ ತಡೆದರು. ಸಿಟ್ಟಿರಲಿಲ್ಲ, ಸುಸ್ತಿತ್ತು. "ಧೈರ್ಯ ಮಾಡಿದೆ, ಒಪ್ಪಿದೆ. ಆದ್ರೆ ಮುಂದಿನ ವರ್ಷಕ್ಕೆ ನಾನು ಮಾತು ಕೊಡೋಕಾಗಲ್ಲಮ್ಮ."

"ಗೊತ್ತು ಸಾರ್," ಅಂದವಳೇ ಎರಡೆರಡು ಮೆಟ್ಟಿಲು ಹಾರಿ ಇಳಿದಳು.

ಹಿಂದಿನ ಅಂಗಳದಲ್ಲಿ ವ್ಯಾನಿನ ಬಾಗಿಲು ತೆರೆದಿತ್ತು. ಅವನು ಕ್ಯಾಮೆರಾದ ಪೆಟ್ಟಿಗೆಗೆ ಬೆಲ್ಟ್ ಬಿಗಿಯುತ್ತಿದ್ದ. ಬಿಗಿದದ್ದನ್ನೇ ಬಿಚ್ಚಿ ಮತ್ತೆ ಬಿಗಿಯುತ್ತಿದ್ದ.

"ಅಷ್ಟು ಜನರ ಮುಂದೆ ಹಾಗೆಲ್ಲ ಹೇಳಬಾರದಿತ್ತು ಮೇಡಂ. ನಿಮ್ಮ ಕೆಲಸ ಏನಾಯ್ತು?"

"ಮುಂದಿನ ವರ್ಷಕ್ಕೆ ಗೊತ್ತಿಲ್ಲ."

ಅವನು ವ್ಯಾನಿನ ಅಂಚಿನ ಮೇಲೆ ಕುಸಿದು ಕೂತ. "ಎಲ್ಲ ನನ್ನಿಂದ."

"ಅಲ್ಲ. ಓದದೇ ಅಳಿಸೋ ನನ್ನ ಬುದ್ಧಿಯಿಂದ."

"ಹಿಂದಕ್ಕೆ ತಗೋತೀನಿ ಅಂದ್ರಿ." ಅವನು ನೆಲ ನೋಡುತ್ತಾ ಹೇಳಿದ. "ಬೇಡ ಅನ್ನೋದನ್ನ ಹಿಂದಕ್ಕೆ ತಗೊಂಡ್ರೆ ಸೊನ್ನೆ ಆಗತ್ತೆ ಮೇಡಂ. ಹೌದು ಆಗಲ್ಲ. ಮತ್ತೆ ಪಾಪ ಅಂತ ಏನೂ..."

"ಪಾಪ ಅಂತ ಯಾರಾದ್ರೂ ಪರದೆ ಒಗೀತಾರಾ?"

"ಏನು?"

"ಏನಿಲ್ಲ. ನೀನು ಮಾತಾಡೋದು ನಿಲ್ಲಿಸಿದ ಮೇಲೆ ನನಗೆ ಸಂಜೆ ಅನ್ನೋದೇ ಬೇಡವಾಗಿತ್ತು. ಯಾಕೆ ಅಂತ ನನಗೇ ಗೊತ್ತಿರಲಿಲ್ಲ. ಈಗ ಗೊತ್ತು. ಹೌದು ಅಂತ ಹೇಳೋಕೇ ಓಡಿ ಬಂದೆ."

ಅವನು ತಲೆ ಎತ್ತಿದ. ಬೆಲ್ಟಿನ ತುದಿ ಕೈಯಿಂದ ಜಾರಿತು.

"ಏನಂದ್ರಿ?"

"ಹೌದು ಅಂದೆ."

"ಅದಲ್ಲ. ಅದಕ್ಕಿಂತ ಮೊದಲು."

ಅವಳಿಗೂ ಆಗಲೇ ಹೊಳೆದದ್ದು. ಎರಡು ವರ್ಷದ 'ನೀವು' ಯಾವ ಮಾಯದಲ್ಲಿ ಉದುರಿಹೋಗಿತ್ತೋ, ಅವಳ ಬಾಯಿಗೆ ಅದು ಕಳೆದುಹೋದದ್ದೇ ತಿಳಿದಿರಲಿಲ್ಲ. ಕೆನ್ನೆ ಸುಡತೊಡಗಿತು. "ನೀನು ಅಂದೆ," ಅಂದಳು ಮೆಲ್ಲಗೆ.

ಡ್ರೈವರ್ ಹಾರ್ನ್ ಹೊಡೆದ. ಇಬ್ಬರಿಗೂ ಕೇಳಿಸಲಿಲ್ಲ.

"ಇನ್ನೊಂದ್ಸಲ ಹೇಳಿ," ಅಂದ ಅವನು.

"ಹೇಳಿ ಅಲ್ಲ."

ಅವನ ಕಿವಿಯ ತುದಿ ಕೆಂಪಗಾಯಿತು. ಹನ್ನೊಂದು ವರ್ಷ ಗಾಳಿ ಚಳಿಗೆ ಅಳುಕದವನು ಒಂದು ಪುಟ್ಟ ಪದಕ್ಕೆ ಎರಡು ಸಲ ಬಾಯಿ ತೆರೆದು ಮುಚ್ಚಿದ. ಮೂರನೆಯ ಸಲಕ್ಕೆ ಬಂತು.

"ಹೇಳು."

ಅವಳು ಹೇಳಿದಳು.